ಮೂವತ್ತೊಂದನೆಯ ನಿಮಿಷ

ಕಾಲು ಎರಡಿಂಚು ಕಡಿಮೆ ಮಾಡಲು ಕೊಟ್ಟ
ಆರು ಕಿಸೆಯ ಪ್ಯಾಂಟಿನ ತೊಡೆಗಿಸೆಯಲ್ಲಿ
ಸಿಕ್ಕಿದ್ದು ಒಂದು ಸೀಡಿ.
ಮೇಲೆ ಪೆನ್ನಿನಲ್ಲಿ: ಎಪ್ಪತ್ನಾಲ್ಕು ನಿಮಿಷ.
ಹೆಸರಿಲ್ಲ, ಹಾಡುಗಳ ಪಟ್ಟಿಯಿಲ್ಲ,
ಅಂಚಿಗೆ ಒಣಗಿದ ಉಪ್ಪು.

ಗಿರಾಕಿ ಬರುವುದು ಶುಕ್ರವಾರ, ಮ್ಹಾಪ್ಸಾದ ಸಂತೆಗೆ.
ಇನ್ನೊಬ್ಬರ ಕಿಸೆಯದನ್ನು ಮುಟ್ಟಬಾರದು ಎಂದು
ಕತ್ತರಿ ಹಿಡಿಯಲು ಕಲಿಸಿದವರು ಹೇಳಿದ್ದರು;
ಕೇಳಬಾರದು ಎಂದು ಹೇಳಿರಲಿಲ್ಲ.

ಮೊದಲ ಎರಡು ನಿಮಿಷ
ದುಮ್. ದುಮ್. ದುಮ್. ದುಮ್.
ಗುಂಡಿ ಹಚ್ಚುತ್ತಿದ್ದ ದಾವಲ ತಲೆಯೆತ್ತಿ
'ಕಾಕಾ, ಇದರಾಗ ಹಾಡು ಯಾವಾಗ ಬರತೈತಿ?' ಅಂದ.
ತಡಿ, ಅಂದೆ. ನನಗೂ ಗೊತ್ತಿರಲಿಲ್ಲ.

ಬಂದದ್ದು ಹಾಡಲ್ಲ. ಬಹಳ ಹಿಂದಿನಿಂದ ಒಂದು ಸ್ವರ
ತೆರೆದ ಬಾಗಿಲಿಗೇ ಬಂದು ನಿಂತು
ಒಳಗೆ ಬರಲೋ ಬೇಡವೋ ಎಂದು
ನಾಲ್ಕು ನಿಮಿಷ ಯೋಚಿಸಿತು.
ಅಷ್ಟರಲ್ಲಿ ನನ್ನ ಕಾಲು ಅದರ ಲೆಕ್ಕಕ್ಕೆ ಬಿದ್ದಿತ್ತು,
ಒಂದು ದುಮ್ಮಿಗೆ ಹಿಮ್ಮಡಿ, ಒಂದು ದುಮ್ಮಿಗೆ ಬೆರಳು.

ರೋಣ ಬಿಟ್ಟು ಹದಿನೆಂಟು ವರ್ಷ.
ಹದಿನೆಂಟೂ ವರ್ಷ ಅಂಜುಣಾದ ಕಡೆಯಿಂದ
ಗೋಡೆ ದಾಟಿ, ಕೌದಿ ದಾಟಿ
ನಿದ್ದೆಗೆ ಮೊಳೆ ಹೊಡೆಯುತ್ತಿದ್ದ ಸದ್ದು ಇದೇ.
ಬೈದಿದ್ದೇನೆ. ಸಾಂತವ್ವ ಕಿವಿಗೆ ಅರಳೆ ತುರುಕಿಕೊಂಡಿದ್ದಾಳೆ.
ಗೋಡೆಯಾಚೆಯಿಂದ ಕೇಳುವುದೆಂದರೆ
ಕೋಟನ್ನು ಅಸ್ತರಿನ ಕಡೆಯಿಂದ ನೋಡಿದಂತೆ,
ಗಂಟು ಕಾಣುತ್ತದೆ, ಬಣ್ಣ ಕಾಣುವುದಿಲ್ಲ.

ಮಂಗಳವಾರದಿಂದ ಹುಡುಕತೊಡಗಿದೆ, ಹೊಲಿಗೆ ಎಲ್ಲಿದೆ ಎಂದು.
ಒಂದೇ ಥಾನಿನದಲ್ಲ ಇದು,
ಹದಿಮೂರೋ ಹದಿನಾಲ್ಕೋ ತುಂಡು,
ಯಾವ ಯಾವ ಊರಲ್ಲಿ ಯಾರು ಯಾರೋ ನೆಯ್ದದ್ದು.
ಕೂಡಿಸಿದವನು ಬೇರೆ.
ಹಳೆಯದು ಮುಗಿಯುವ ಮೊದಲೇ ಹೊಸದು ಅಡಿಗೆ ಸೇರಿ
ಒಂದು ನಿಮಿಷ ಎರಡೂ ಒಂದೇ ಮೈಯಾಗಿ ನಡೆದು
ಆಮೇಲೆ ನೋಡಿದರೆ
ಹಳೆಯದು ಹೋಗಿ ಎಷ್ಟೋ ಹೊತ್ತಾಗಿದೆ.
ಎದ್ದು ಹೋದದ್ದು ಯಾರೂ ಕಾಣಲಿಲ್ಲ.
ಚೌಕಳಿ ಅಂಗಿಗೆ, ಗೆರೆಗೆ ಗೆರೆ ಕೂಡುವಂತೆ
ಕಿಸೆ ಇಟ್ಟವನಿಗೆ ಮಾತ್ರ ಗೊತ್ತು ಆ ಕಷ್ಟ.

ಬುಧವಾರ ಸಿಕ್ಕಿತು.
ಮೂವತ್ತೊಂದನೆಯ ನಿಮಿಷ.
ಒಬ್ಬ ಹೆಂಗಸು ಅರ್ಧ ಶಬ್ದ ಹೇಳಿ ಉಳಿದದ್ದು ನುಂಗುತ್ತಾಳೆ,
ಅವಳ ಬೆನ್ನಿಗೇ ದುಮ್ಮಿನ ಮೇಲೆ ದುಮ್ಮು ಕೂರದೆ
ದು-ದುಮ್, ದು-ದುಮ್,
ಎರಡು ಸಲ ಎಡವಿ ಮತ್ತೆ ಕೂಡಿಕೊಳ್ಳುತ್ತವೆ.
ನೂಲಿನೆಳೆಯಷ್ಟು.
ಎಲ್ಲಿ ಕಾಕಾ, ಎಲ್ಲಿ, ಎಂದ ದಾವಲ.
ಹಿಂದಕ್ಕೆ ತಂದು ಏಳು ಸಲ ಕೇಳಿಸಿದೆ.
ಏಳನೆಯ ಸಲ ನಕ್ಕ.

ಶುಕ್ರವಾರ ಹೊರಗೆ ಒಣಮೀನು, ಮೊಯ್ರಾ ಬಾಳೆಗೊನೆ,
ಮೆಣಸಿನಕಾಯಿಯ ಘಾಟು.
ಬೆಂಟೊ ಬಂದ, ಪ್ಯಾಂಟು ತೊಟ್ಟು ಕನ್ನಡಿಗೆ ತಿರುಗಿದ.
ಸೀಡಿ ಕೈಗಿಟ್ಟು, ನನ್ನ ಹರಕು ಕೊಂಕಣಿಯಲ್ಲಿ ಹೇಳಿದೆ:
ಮೂವತ್ತೊಂದರಲ್ಲಿ ಹೊಲಿಗೆ ಬಿಟ್ಟಿದೆ, ಬಾಬಾ.
ಅವನು ಬಗ್ಗಿ ಪ್ಯಾಂಟಿನ ಹೊಲಿಗೆ ನೋಡಿದ.

ಆಮೇಲೆ ಸ್ಟೂಲಿನ ಮೇಲೆ ಕೂತ.
'ಸೀನು ಬಂದಿತ್ತು, ಮೇಸ್ತಾ. ಬೆರಳು ಜಾರಿತು.
ನನ್ನ ಮೊದಲ ಆಲ್ಬಮ್ಮು. ನಾಲ್ಕು ವರ್ಷವಾಯಿತು,
ಸಾವಿರ ಪ್ರತಿ ಹೋಗಿವೆ. ಒಬ್ಬರೂ ಹೇಳಲಿಲ್ಲ.'
ಬಿಚ್ಚಿ ಹೊಲಿಯಬಹುದಿತ್ತಲ್ಲ, ಅಂದೆ.
ಹೊಲಿದಿದ್ದನಂತೆ, ಎಂಟು ಸಲ. ಸರಿಯಾಗಿಯೇ ಬಂದಿತ್ತಂತೆ.
ಯಾಕೋ, ಅಂದ. ಮುಂದೆ ಹೇಳಲಿಲ್ಲ.

ಎಂಬತ್ತು ರೂಪಾಯಿ ಕೊಟ್ಟು ಹೋದ.
ಸೀಡಿ ಕತ್ತರಿಯ ಪಕ್ಕವೇ ಇತ್ತು,
ಮರೆತನೋ, ಬಿಟ್ಟನೋ.

ಈಗ ದಿನಾ ಮಧ್ಯಾಹ್ನದ ಮೇಲೆ ಹಾಕುತ್ತೇವೆ.
ಇಪ್ಪತ್ತೊಂಬತ್ತು ದಾಟುತ್ತಲೇ ನನ್ನ ಕಾಲು ನಿಧಾನವಾಗುತ್ತದೆ,
ದಾವಲ ಸೂಜಿ ಎತ್ತಿ ಹಿಡಿಯುತ್ತಾನೆ,
ಆ ಹೆಂಗಸು ಬಾಯಿ ತೆರೆಯುತ್ತಾಳೆ,
ದು-ದುಮ್,
ಒಂಟಿ ಸೀನು ಕೆಟ್ಟದ್ದು ಎನ್ನುತ್ತಿದ್ದಳು ನಮ್ಮವ್ವ,
ದು-ದುಮ್.
'ಜೋಡಿ,' ಅನ್ನುತ್ತೇನೆ.
'ನೂರು ವರ್ಷ,' ಅನ್ನುತ್ತಾನೆ ದಾವಲ, ಹಲ್ಲಿನಿಂದ ದಾರ ಕಡಿಯುತ್ತ.